ತಲೆಕೆಳಗಾದ ಗುಡ್ಡ: ಗ್ರ್ಯಾಂಡ್ ಕ್ಯಾನಿಯನ್‌ಗೆ ಒಬ್ಬರೇ ಇಳಿದು ಹತ್ತುವವರಿಗೆ

ಗದಗಿನವರಾದ ನಮಗೆ ಗುಡ್ಡವೆಂದರೆ ಕಪ್ಪತಗುಡ್ಡ. ಏರುವಾಗ ಮೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಇನ್ನಾಗದು ಎನಿಸಿದ ಕಡೆ ಹೊರಳಿಬಿಡಬಹುದು. ಮನೆ ಕೆಳಗಿರುತ್ತದೆ. ಎಷ್ಟು ದಣಿದಿದ್ದರೂ ಇಳಿಜಾರು ಕಾಲನ್ನು ತಾನಾಗಿ ಎಳೆದುಕೊಂಡು ಬರುತ್ತದೆ. ಅಮೆರಿಕದ ಅರಿಜೋನಾ ರಾಜ್ಯದ ಗ್ರ್ಯಾಂಡ್ ಕ್ಯಾನಿಯನ್ ಎಂಬ ಆಳವಾದ ಕಣಿವೆಯಲ್ಲಿ ಈ ಲೆಕ್ಕ ತಿರುಗುಮುರುಗು. ಅಲ್ಲಿ ಮನೆ ಮೇಲಿದೆ. ಬೆಳಗಿನ ತಂಪಿನಲ್ಲಿ, ದಣಿವಿಲ್ಲದ ಕಾಲಿನಲ್ಲಿ ಇಳಿಯುತ್ತೀರಿ. ಬಿಸಿಲೇರಿದ ಮೇಲೆ, ಸೋತ ಕಾಲಿನಲ್ಲಿ ಹತ್ತುತ್ತೀರಿ. ದೇಹ ಸಾಕು ಎನ್ನುವ ಹೊತ್ತಿಗೆ ಕಷ್ಟದ ಭಾಗ ಪೂರ್ತಿ ಬಾಕಿ ಉಳಿದಿರುತ್ತದೆ.

ಕಳೆದ ಅಕ್ಟೋಬರ್‌ನಲ್ಲಿ, ಐವತ್ನಾಲ್ಕನೆಯ ವಯಸ್ಸಿನಲ್ಲಿ, ನಾನು ಅಲ್ಲಿನ ಬ್ರೈಟ್ ಏಂಜೆಲ್ ಹಾದಿಯಲ್ಲಿ ಒಬ್ಬಳೇ ಇಳಿದು ಅದೇ ದಿನ ಹತ್ತಿ ಬಂದೆ. ಮಗಳು ಫೀನಿಕ್ಸ್‌ನಲ್ಲಿದ್ದಾಳೆ; ಅವಳ ಬಾಣಂತನಕ್ಕೆಂದು ಹೋಗಿದ್ದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯಿಂದ ಹೀಗೆ ಮಕ್ಕಳ ಮನೆಗೆ ಹೋದ ಎಷ್ಟೋ ಜನ ಕಣಿವೆಯ ಅಂಚಿನಲ್ಲಿ ನಿಂತು ಫೋಟೊ ತೆಗೆಸಿಕೊಂಡು ಬಂದಿದ್ದಾರೆ. ಒಳಗೆ ಇಳಿದರೆ ಹೇಗಿರುತ್ತದೆ ಎಂದು ಅವರಲ್ಲಿ ಹಲವರು ನನ್ನನ್ನು ಕೇಳಿದರು. ಕೇಳಿದವರಿಗೆಲ್ಲ ಹೇಳಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಬೇಕು. ಒಂಟಿಯಾಗಿ ಇಳಿಯಬೇಡಿ ಎಂಬುದೇ ಕಣಿವೆಯನ್ನು ನೋಡಿಕೊಳ್ಳುವ ರಾಷ್ಟ್ರೀಯ ಪಾರ್ಕ್‌ನ ಅಧಿಕಾರಿಗಳ ಸಲಹೆ. ಜೊತೆ ಸಿಕ್ಕರೆ ಜೊತೆಯಲ್ಲೇ ಹೋಗಿ. ಮಗಳು ಏಳು ತಿಂಗಳ ಗರ್ಭಿಣಿ, ಅಳಿಯ ಅವಳೊಂದಿಗೆ ಮೇಲೆಯೇ ಉಳಿದರು, ಹಾಗಾಗಿ ನಾನು ಒಬ್ಬಳೇ ಆದೆ. ಒಬ್ಬರೇ ಹೋಗುವುದಾದರೆ ಎರಡನೆಯವರು ಮಾಡಬೇಕಾದ ಕೆಲಸವನ್ನೂ ನಾವೇ ಮಾಡಿಕೊಳ್ಳಬೇಕು. ಈ ಬರಹದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಎಲ್ಲಿಯವರೆಗೆ ಎಂಬುದು ಮನೆಯಲ್ಲೇ ತೀರ್ಮಾನವಾಗಲಿ

ಕಣಿವೆಯ ದಕ್ಷಿಣ ಅಂಚಿನಲ್ಲಿ ಈ ಹಾದಿ ಆರಂಭವಾಗುವ ಜಾಗ ಸಮುದ್ರಮಟ್ಟದಿಂದ ಸುಮಾರು 2,090 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ತಳದಲ್ಲಿ ಕೊಲೊರಾಡೊ ನದಿ ಹರಿಯುವ ಮಟ್ಟ ಸುಮಾರು 750 ಮೀಟರ್, ಹೆಚ್ಚುಕಡಿಮೆ ನಮ್ಮ ಧಾರವಾಡದಷ್ಟು. ಮುಳ್ಳಯ್ಯನಗಿರಿಗಿಂತ ಎತ್ತರದ ಜಾಗದಿಂದ ಧಾರವಾಡದ ಮಟ್ಟಕ್ಕೆ ಇಳಿದು, ಸಂಜೆಯೊಳಗೆ ವಾಪಸ್ ಹತ್ತುವುದನ್ನು ಕಲ್ಪಿಸಿಕೊಂಡರೆ ಕೆಲಸದ ಅಳತೆ ತಿಳಿಯುತ್ತದೆ.

ನದಿಯ ಬಳಿಯ ಶಿಬಿರದವರೆಗೆ ಹಾದಿಯ ಉದ್ದ 15 ಕಿ.ಮೀ. ಒಂದೇ ದಿನದಲ್ಲಿ ನದಿಗೆ ಹೋಗಿ ಬರುವ ಪ್ರಯತ್ನ ಬೇಡ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಂತೂ ಬೇಡವೇ ಬೇಡ ಎಂದು ಪಾರ್ಕ್‌ನವರು ಎಚ್ಚರಿಸುತ್ತಾರೆ. ವರ್ಷಕ್ಕೆ 250ಕ್ಕೂ ಹೆಚ್ಚು ಜನರನ್ನು ಕಣಿವೆಯಿಂದ ರಕ್ಷಿಸಿ ತರಬೇಕಾಗುತ್ತದೆ ಎಂಬುದೂ ಅವರದೇ ಮಾತು. ಅವರಲ್ಲಿ ಗಟ್ಟಿಮುಟ್ಟಾದ ತರುಣರೂ ಇರುತ್ತಾರೆ. ನದಿಯ ಆಸೆಯನ್ನು ಊರಿನಲ್ಲೇ ಬಿಟ್ಟು ಹೊರಡಿ.

ಬ್ರೈಟ್ ಏಂಜೆಲ್ ಹಾದಿಯಲ್ಲಿ ಹೊರಳಲು ತಕ್ಕ ಜಾಗಗಳು ಮೂರು. ಅಂಚಿನಿಂದ 2.4 ಕಿ.ಮೀ. ದೂರದಲ್ಲಿ, 340 ಮೀಟರ್ ಕೆಳಗೆ, ಒಂದೂವರೆ ಮೈಲಿಯ ತಂಗುಮನೆ. 4.8 ಕಿ.ಮೀ. ದೂರದಲ್ಲಿ, 645 ಮೀಟರ್ ಕೆಳಗೆ, ಮೂರು ಮೈಲಿಯ ತಂಗುಮನೆ. 7.2 ಕಿ.ಮೀ. ದೂರದಲ್ಲಿ, ಸುಮಾರು 930 ಮೀಟರ್ ಕೆಳಗೆ, ಹವಾಸುಪಾಯ್ ಗಾರ್ಡನ್ಸ್ ಎಂಬ ನೆರಳಿನ ತೋಪು. ಮೊದಲನೆಯದು ದಿನವೂ ನಡೆಯುವ ಅಭ್ಯಾಸವಿರುವ ಯಾರಿಗಾದರೂ ಸಾಧ್ಯ. ಎರಡನೆಯದಕ್ಕೆ ತಯಾರಿ ಬೇಕು. ಮೂರನೆಯದು ಪೂರ್ತಿ ಒಂದು ದಿನದ ಕಠಿಣ ದುಡಿಮೆ. ಹೋಗಿ ಬರಲು ಆರರಿಂದ ಒಂಬತ್ತು ತಾಸು. ನಾನು ಆರಿಸಿಕೊಂಡದ್ದು ಇದನ್ನೇ. ಅಂತಸ್ತಿಗೆ ಮೂರು ಮೀಟರ್ ಎಂದು ಹಿಡಿದರೆ, ಇಳಿದು ಬಂದ ಮೇಲೆ ಮುನ್ನೂರಕ್ಕೂ ಹೆಚ್ಚು ಅಂತಸ್ತು ಹತ್ತಿದಂತೆ.

ಸೌತ್ ಕೈಬಾಬ್ ಎಂಬ ಇನ್ನೊಂದು ಹಾದಿಯಿದೆ. ಗುಡ್ಡದ ಏಣಿನ ಮೇಲೆ ಸಾಗುವುದರಿಂದ ನೋಟ ಅದರಲ್ಲೇ ಚೆಲುವು. ಆದರೆ ಹಾದಿಯುದ್ದಕ್ಕೂ ಒಂದು ಹನಿ ನೀರಿಲ್ಲ, ನೆರಳೂ ಅಪರೂಪ. ಮೊದಲ ಸಲ ಒಬ್ಬರೇ ಇಳಿಯುವವರಿಗೆ ನಾನು ಅದನ್ನು ಹೇಳುವುದಿಲ್ಲ. ಬ್ರೈಟ್ ಏಂಜೆಲ್‌ನಲ್ಲಿ ನೀರಿದೆ, ನೆರಳಿದೆ, ಜನರ ಓಡಾಟವಿದೆ. ನೀವು ಬಿದ್ದರೆ ಅರ್ಧ ತಾಸಿನೊಳಗೆ ಯಾರಾದರೂ ಅತ್ತ ಬರುವ ಸಂಭವ ಹೆಚ್ಚು. ಒಂಟಿಯಾಗಿ ಹೋಗುವವರಿಗೆ ಜನವಿರುವ ಹಾದಿಯೇ ಜೊತೆಗಾರ.

ಮನೆಯಲ್ಲಿ ಮೂರು ತಿಂಗಳು

ಉಣಕಲ್ ಕೆರೆಯ ಸುತ್ತಲೋ, ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲೋ ದಿನವೂ ಒಂದು ತಾಸು ನಡೆಯುತ್ತೇನೆ, ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಸಮತಟ್ಟಿನ ನಡಿಗೆಯಿಂದ ದಮ್ಮು ಬರುತ್ತದೆ, ಇಳಿಯುವ ಕಾಲು ಬರುವುದಿಲ್ಲ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕು. ಆ ಅಭ್ಯಾಸವಿಲ್ಲದ ತೊಡೆ ಎರಡು ತಾಸಿನಲ್ಲಿ ನಡುಗಲು ತೊಡಗುತ್ತದೆ, ಏರುವ ಹೊತ್ತಿಗೆ ಕೈಕೊಡುತ್ತದೆ.

ನಾನು ಕಂಡುಕೊಂಡ ಉಪಾಯ ಹೀಗಿತ್ತು. ನಮ್ಮ ಓಣಿಯ ಪಕ್ಕದಲ್ಲಿ ಐದು ಅಂತಸ್ತು ಏರುವ ಅಪಾರ್ಟ್‌ಮೆಂಟ್ ಇದೆ. ಲಿಫ್ಟ್‌ನಲ್ಲಿ ಮೇಲೆ ಹೋಗಿ ಮೆಟ್ಟಿಲಿಂದ ಇಳಿಯುವುದು, ಹೀಗೆ ಇಪ್ಪತ್ತು ಸಲ. ಅದು ಮುಗಿದ ಮೇಲೆಯೇ ಮೆಟ್ಟಿಲಿಂದ ಹತ್ತಿ ಲಿಫ್ಟ್‌ನಲ್ಲಿ ಇಳಿಯುವುದು, ಮತ್ತೆ ಇಪ್ಪತ್ತು ಸಲ. ಎಲ್ಲ ಇಳಿತವೂ ಮೊದಲು, ಎಲ್ಲ ಏರೂ ಕೊನೆಗೆ, ಕಣಿವೆಯಲ್ಲಿ ಇರುವಂತೆಯೇ. ಇಪ್ಪತ್ತು ಸಲಕ್ಕೆ ಸುಮಾರು 300 ಮೀಟರ್ ಆಗುತ್ತದೆ. ವಾರಕ್ಕೆ ಎರಡು ದಿನ ಇದನ್ನು ಮಾಡಿ, ಮೂರನೇ ತಿಂಗಳಿಗೆ ನಲವತ್ತು ಸಲಕ್ಕೆ ಮುಟ್ಟಿದೆ. ಮೊದಲ ವಾರ ಬರಿಗೈಯಲ್ಲಿ, ಆಮೇಲೆ ಬೆನ್ನುಚೀಲದಲ್ಲಿ ಎರಡು ಲೀಟರ್ ನೀರು, ಕೊನೆಗೆ ನಾಲ್ಕು ಲೀಟರ್. ಲಿಫ್ಟ್ ಇಲ್ಲದ ಊರಿನವರು ನೃಪತುಂಗ ಬೆಟ್ಟದ ಮೆಟ್ಟಿಲನ್ನೋ, ರಾಣೇಬೆನ್ನೂರಿನ ಕಡೆಯವರು ದೇವರಗುಡ್ಡವನ್ನೋ ಹತ್ತಿ ಇಳಿಯಬಹುದು. ಇಳಿಯುವಾಗ ಧಾವಂತ ಬೇಡ. ಒಂದೊಂದು ಹೆಜ್ಜೆಯನ್ನೂ ಮೊಣಕಾಲು ತುಸು ಬಗ್ಗಿಸಿ, ತಡೆದು ಇಡಿ.

ತಿಂಗಳಿಗೆ ಒಂದು ಸಲವಾದರೂ ಐದಾರು ತಾಸಿನ ಗುಡ್ಡದ ನಡಿಗೆ ಬೇಕು. ನಾನು ಡೋಣಿಯ ಕಡೆಯಿಂದ ಕಪ್ಪತ ಮಲ್ಲೇಶ್ವರ ದೇವಸ್ಥಾನದ ದಾರಿ ಹಿಡಿಯುತ್ತಿದ್ದೆ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಗಿದೆ, ಚಿರತೆ, ಕತ್ತೆಕಿರುಬಗಳಿವೆ. ಜನ ಓಡಾಡುವ ದಾರಿಯನ್ನು ಬಿಟ್ಟು ಹೋಗಬೇಡಿ, ಒಳಗೆ ಹೋಗುವುದಿದ್ದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಎರಡನೇ ತಿಂಗಳಲ್ಲಿ ಹಳೆಯ, ತುಸು ಬಿಗಿಯಾದ ಬೂಟು ಹಾಕಿಕೊಂಡು ಹೋಗಿದ್ದೆ. ಇಳಿಯುವಾಗ ಹೆಬ್ಬೆರಳು ಬೂಟಿನ ಮೂತಿಗೆ ತಾಗಿ ತಾಗಿ ಉಗುರು ಕಪ್ಪಾಯಿತು, ಮೂರು ವಾರದ ಅಭ್ಯಾಸ ಹೋಯಿತು. ಅದು ಇಲ್ಲೇ ಆದದ್ದು ಒಳ್ಳೆಯದಾಯಿತು. ಬೂಟು ಕೊಳ್ಳುವಾಗ ದಪ್ಪ ಕಾಲುಚೀಲ ಹಾಕಿಕೊಂಡು, ಸಂಜೆ ಕಾಲು ತುಸು ಬಾತಿರುವ ಹೊತ್ತಿನಲ್ಲಿ ಹಾಕಿ ನೋಡಿ. ಬೆರಳ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಉಳಿಯಬೇಕು. ಅದೇ ಬೂಟಿನಲ್ಲಿ ಕನಿಷ್ಠ ನೂರು ಕಿ.ಮೀ. ನಡೆದಿರಬೇಕು. ಹೊರಡುವ ಎರಡು ದಿನ ಮೊದಲು ಉಗುರು ಕತ್ತರಿಸಿಕೊಳ್ಳಿ.

ನಲವತ್ತು ದಾಟಿದವರು ವೈದ್ಯರನ್ನು ಕಾಣದೆ ಈ ತಯಾರಿಗೆ ಇಳಿಯಬಾರದು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯವರು ದಿನವಿಡೀ ಬಿಸಿಲಲ್ಲಿ ಬೆವರುವ ವಿಷಯವನ್ನು ಬಿಡಿಸಿ ಹೇಳಿ ಸಲಹೆ ಕೇಳಿ. ಪ್ರವಾಸದ ಆರೋಗ್ಯ ವಿಮೆ ಮಾಡಿಸುವಾಗ ಇಂಥ ನಡಿಗೆಯಲ್ಲಿ ಆಗುವ ಪೆಟ್ಟಿಗೆ ರಕ್ಷಣೆ ಇದೆಯೇ ಎಂದು ಓದಿ ನೋಡಿ.

ಯಾವ ತಿಂಗಳು

ಅಕ್ಟೋಬರ್ ಅಥವಾ ಏಪ್ರಿಲ್. ಅಕ್ಟೋಬರ್‌ನಲ್ಲಿ ಅಂಚಿನ ಮೇಲೆ ಹಗಲಿನ ಸರಾಸರಿ ಉಷ್ಣತೆ 18 ಡಿಗ್ರಿ ಸೆಲ್ಸಿಯಸ್, ಬೆಳಗಿನ ಜಾವ 2 ಡಿಗ್ರಿ. ತಳದಲ್ಲಿ ಹಗಲು 29 ಡಿಗ್ರಿ. 100 ಮೀಟರ್ ಇಳಿದರೆ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಜುಲೈನಲ್ಲಿ ತಳದ ಸರಾಸರಿಯೇ 41 ಡಿಗ್ರಿ. ಅದು ನೆರಳಿನ ಲೆಕ್ಕ. ನಾವು ಬಿಸಿಲುನಾಡಿನವರು, ನಮಗೇನು ಎಂಬ ಧೈರ್ಯ ಬೇಡ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಹೊಲದವರು ಹನ್ನೊಂದಕ್ಕೆಲ್ಲ ಮರದಡಿ ಸೇರುತ್ತಾರೆ. ಕಣಿವೆಯಲ್ಲಿ ಆ ಹೊತ್ತಿಗೆ ನೀವು ಕಲ್ಲಿನ ಗೋಡೆಯನ್ನು ಹತ್ತುತ್ತಿರುತ್ತೀರಿ, ಬಂಡೆಯ ಕಾವು ಎರಡೂ ಕಡೆಯಿಂದ ಬಡಿಯುತ್ತಿರುತ್ತದೆ. ಬೇಸಿಗೆಯಲ್ಲಿ ಹತ್ತರಿಂದ ನಾಲ್ಕರವರೆಗೆ ನಡೆಯಲೇಬೇಡಿ ಎಂಬುದು ಅಲ್ಲಿನ ನಿಯಮದಂಥ ಸಲಹೆ. ಜುಲೈನಿಂದ ಸೆಪ್ಟೆಂಬರ್ ನಡುವೆ ಅಲ್ಲಿಗೂ ಒಂದು ಮಳೆಗಾಲವಿದೆ. ಸಿಡಿಲು, ಹಠಾತ್ ಪ್ರವಾಹ ಎರಡೂ ಉಂಟು. ಚಳಿಗಾಲದಲ್ಲಿ ಹಾದಿಯ ಮೇಲ್ಭಾಗ ಹಿಮಗಟ್ಟಿ ಜಾರುತ್ತದೆ.

ನಮಗೂ ಅರಿಜೋನಾಕ್ಕೂ ಹನ್ನೆರಡೂವರೆ ತಾಸಿನ ಅಂತರ. ಊರಿನಿಂದ ಬಂದು ಎರಡು ವಾರವಾದರೂ ಆಗಿರಲಿ, ನಿದ್ದೆ ಸರಿಹೋಗಿರಲಿ. ಕಣಿವೆಯ ಅಂಚಿನಲ್ಲೋ ಹತ್ತಿರದ ಫ್ಲ್ಯಾಗ್‌ಸ್ಟಾಫ್ ಊರಿನಲ್ಲೋ ಹಿಂದಿನ ರಾತ್ರಿ ತಂಗಿ. ಎರಡೂ 2,000 ಮೀಟರ್ ಮೀರಿದ ಜಾಗಗಳು. ಗಾಳಿ ತೆಳುವಾಗಿರುವುದು ಮೊದಲ ದಿನ ಗೊತ್ತಾಗುತ್ತದೆ. ಹಗಲಿನ ನಡಿಗೆಗೆ ಬೇರೆ ಪರವಾನಗಿ ಬೇಕಿಲ್ಲ, ಪಾರ್ಕ್‌ನ ಪ್ರವೇಶ ಶುಲ್ಕ ಸಾಕು.

ನೀರು ಮತ್ತು ಬುತ್ತಿ

ನಲ್ಲಿಯಲ್ಲಿ ನೀರು ಬಾರದ ದಿನಗಳನ್ನು ಎಣಿಸಿ ಬದುಕುವ ಊರಿನವರು ನಾವು. ನೀರು ಬಂದಾಗ ಕೊಡ, ಪಾತ್ರೆ, ಚೊಂಬನ್ನೂ ಬಿಡದೆ ತುಂಬಿಟ್ಟುಕೊಳ್ಳುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಆ ಬುದ್ಧಿಯನ್ನು ಜೊತೆಗೆ ಒಯ್ಯಿರಿ. ಈ ಹಾದಿಯ ನಲ್ಲಿಗಳಿಗೆ ನೀರು ಬರುವುದು 1960ರ ದಶಕದಲ್ಲಿ ಕಣಿವೆಗೆ ಅಡ್ಡಲಾಗಿ ಹಾಕಿದ ಕೊಳವೆಯಿಂದ. ಅದು ಆಗಾಗ ಒಡೆಯುತ್ತದೆ. ಎರಡು ತಂಗುಮನೆಗಳ ನಲ್ಲಿಗಳನ್ನು ಚಳಿಗಾಲದಲ್ಲಿ ಮುಚ್ಚುತ್ತಾರೆ. ಹೊರಡುವ ಹಿಂದಿನ ಸಂಜೆ ಪಾರ್ಕ್‌ನ ಜಾಲತಾಣದಲ್ಲಿ, ಇಲ್ಲವೇ ಅಲ್ಲಿನ ಮಾಹಿತಿ ಕೇಂದ್ರದಲ್ಲಿ ಯಾವ ನಲ್ಲಿ ನಡೆಯುತ್ತಿದೆ ಎಂದು ಕೇಳಿ ತಿಳಿಯಿರಿ. ನಡೆಯುತ್ತಿದ್ದರೂ ಮೂರು ಲೀಟರ್ ಹೊತ್ತು ಇಳಿಯಿರಿ. ಕೆಳಗಿನ ತೋಪಿನಲ್ಲಿ ಹರಿಯುವ ತೊರೆಯಿದೆ. ನಲ್ಲಿ ನಿಂತಿದ್ದರೆ ಅದರ ನೀರನ್ನು ಕುಡಿಯಲು ಶುದ್ಧೀಕರಿಸುವ ಮಾತ್ರೆಯೋ ಸಣ್ಣ ಶೋಧಕವೋ ಚೀಲದಲ್ಲಿರಲಿ.

ಬರಿಯ ನೀರು ಕುಡಿಯುವುದು ಕುಡಿಯದೆ ಇರುವಷ್ಟೇ ಅಪಾಯ. ತಾಸುಗಟ್ಟಲೆ ಬೆವರಿ, ಉಪ್ಪು ತಿನ್ನದೆ ನೀರನ್ನಷ್ಟೇ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿಯುತ್ತದೆ. ವಾಕರಿಕೆ, ತಲೆನೋವು, ಗೊಂದಲ ಕಾಣಿಸುತ್ತವೆ. ಬಿಸಿಲಿನ ದಣಿವೆಂದು ತಿಳಿದು ಇನ್ನಷ್ಟು ನೀರು ಕುಡಿದವರ ಸ್ಥಿತಿ ಇನ್ನಷ್ಟು ಕೆಡುತ್ತದೆ. ಇದನ್ನು ನಾನು ಊರಲ್ಲೇ, ಒಂದು ಏಪ್ರಿಲ್ ಮಧ್ಯಾಹ್ನದ ನಡಿಗೆಯಲ್ಲಿ ವಾಂತಿ ಮಾಡಿಕೊಂಡು ಕಲಿತೆ. ಅಂದಿನಿಂದ ನನ್ನ ಪದ್ಧತಿ ಇದು: ಎರಡು ಬಾಟಲಿ ಬರಿಯ ನೀರು, ಒಂದು ಬಾಟಲಿ ಓಆರ್‌ಎಸ್. ಲೀಟರಿಗೆ ಒಂದು ಪೊಟ್ಟಣ, ಪೊಟ್ಟಣದ ಮೇಲೆ ಬರೆದ ಅಳತೆಯಂತೆ. ಇಲ್ಲಿನ ಔಷಧಿ ಅಂಗಡಿಯಿಂದಲೇ ಹತ್ತು ಪೊಟ್ಟಣ ಕೊಂಡೊಯ್ದಿದ್ದೆ. ಬಾಯಾರಿದಾಗ ಕುಡಿಯಿರಿ, ಕುಡಿದಾಗಲೆಲ್ಲ ಏನಾದರೂ ಉಪ್ಪಿನದನ್ನು ತಿನ್ನಿ.

ತಿನ್ನುವುದಕ್ಕೆ ನಮ್ಮ ಬುತ್ತಿಗೆ ಮಿಗಿಲಾದದ್ದು ನನಗೆ ಆ ದೇಶದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಜೋಳದ ಖಡಕ್ ರೊಟ್ಟಿ ಕೆಡುವುದಿಲ್ಲ, ಭಾರವಿಲ್ಲ, ಮುರಿದರೂ ತಿನ್ನಬಹುದು. ಶೇಂಗಾ ಚಟ್ನಿಪುಡಿಯಲ್ಲಿ ಉಪ್ಪು, ಎಣ್ಣೆ, ಕಾಳಿನ ಸತ್ವ ಮೂರೂ ಇವೆ. ಅಂಟಿನ ಉಂಡಿ ನಾಲ್ಕು, ಶೇಂಗಾ ಹೋಳಿಗೆ ಎರಡು, ಬೆಲ್ಲದ ಅಚ್ಚು ಒಂದು. ಹುರಿದ ಶೇಂಗಾಕ್ಕೆ ಉಪ್ಪು ಹಾಕಿ ಜೇಬಿನಲ್ಲಿಟ್ಟುಕೊಂಡಿದ್ದೆ. ಪೇಡೆ ಒಯ್ಯಬೇಡಿ, ಬಿಸಿಲಿಗೆ ಬಾಯಿ ಒಣಗಿದಾಗ ಗಂಟಲಿಗಿಳಿಯುವುದಿಲ್ಲ. ಊರಿನಿಂದ ಒಯ್ಯುವ ತಿನಿಸನ್ನೆಲ್ಲ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಮುಚ್ಚಿಡದೆ ತಿಳಿಸಿ, ಹಸಿ ಹಣ್ಣು, ತರಕಾರಿ ಬೇಡ.

ಉಳಿದಂತೆ ಚೀಲದಲ್ಲಿ ಇರಬೇಕಾದವು: ಅಗಲ ಅಂಚಿನ ಟೊಪ್ಪಿಗೆ, ಹತ್ತಿಯ ದೊಡ್ಡ ಟವೆಲ್, ಬೆಳಗಿನ ಚಳಿಗೆ ಸ್ವೆಟರ್, ತಲೆಗೆ ಕಟ್ಟುವ ದೀಪ, ಸೀಟಿ, ಸಣ್ಣ ಕನ್ನಡಿ, ಗುಳ್ಳೆಗೆ ಅಂಟಿಸುವ ಪಟ್ಟಿ, ನಿಮ್ಮ ಮಾತ್ರೆಗಳು. ಊರುಗೋಲು ಎರಡು ಇದ್ದರೆ ಮೊಣಕಾಲಿನ ಭಾರ ಎಷ್ಟೋ ಇಳಿಯುತ್ತದೆ. ಕನ್ನಡಿ ಬೆಳಕು ಹಾಯಿಸಿ ದೂರದವರನ್ನು ಕರೆಯಲು.

ಒಂದು ಚೀಟಿ

ಅಂಚಿನಿಂದ ಕೆಳಗೆ ಮೊಬೈಲ್ ಹೆಚ್ಚಿನ ಕಡೆ ನಡೆಯುವುದಿಲ್ಲ. ಮಗಳು ಹಿಂದಿನ ರಾತ್ರಿ ಹೇಳಿದಳು: "ಅವ್ವ, ನೀನು ಎಷ್ಟು ಹೊತ್ತಿಗೆ ಬರುತ್ತೀ ಎಂಬುದು ನನಗೆ ಬೇಡ. ಎಷ್ಟು ಹೊತ್ತಿಗೆ ಹೊರಳುತ್ತೀ ಎಂಬುದನ್ನು ಬರೆದು ಕೊಡು." ಈ ಇಡೀ ಬರಹದಲ್ಲಿ ನೆನಪಿಡಬೇಕಾದ ಮಾತು ಅದು ಎಂದು ನನಗೆ ಅನಿಸುತ್ತದೆ.

ಚೀಟಿಯಲ್ಲಿ ಬರೆಯಬೇಕಾದವು ಇಷ್ಟು. ಹಾದಿಯ ಹೆಸರು, ಹೊರಡುವ ವೇಳೆ, ಹೊರಳುವ ಜಾಗ, ಹೊರಳುವ ವೇಳೆ, ಅಂಗಿ ಮತ್ತು ಟೊಪ್ಪಿಗೆಯ ಬಣ್ಣ, ಯಾವ ಹೊತ್ತಿನವರೆಗೆ ಬಾರದಿದ್ದರೆ ಅಲ್ಲಿನ ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಮಾಡಬೇಕು ಎಂಬುದು. ನನ್ನದರಲ್ಲಿ ಹೀಗಿತ್ತು: ಬೆಳಗ್ಗೆ ಆರೂವರೆಗೆ ಹೊರಟು, ಎಲ್ಲಿದ್ದರೂ ಒಂಬತ್ತೂವರೆಗೆ ಹೊರಳುತ್ತೇನೆ, ಸಂಜೆ ಐದರವರೆಗೆ ಬಾರದಿದ್ದರೆ ಕರೆ ಮಾಡಿ. ಇಳಿಯಲು ಹಿಡಿದ ಸಮಯದ ಎರಡರಷ್ಟು ಏರಲು ಬೇಕು ಎಂಬುದು ಪಾರ್ಕ್‌ನವರ ಲೆಕ್ಕ. ಮೂರು ತಾಸು ಇಳಿದರೆ ಆರು ತಾಸು ಏರು, ಮೂರೂವರೆಗೆ ಮೇಲೆ. ಅಕ್ಟೋಬರ್ ನಡುವಿನಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ. ಎರಡು ತಾಸಿಗೂ ಹೆಚ್ಚು ಹೊತ್ತು ಕೈಯಲ್ಲಿ ಉಳಿಯುತ್ತದೆ. ಒಂದು ಪ್ರತಿ ಮಗಳ ಕೈಯಲ್ಲಿ, ಇನ್ನೊಂದು ನನ್ನ ಚೀಲದ ಮೇಲಿನ ಜೇಬಿನಲ್ಲಿ, ಅದರ ಹಿಂದೆ ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆಗಳು, ವಿಮೆಯ ಸಂಖ್ಯೆ.

ಹೊರಳುವ ವೇಳೆಯನ್ನು ಕೆಳಗೆ ಹೋದ ಮೇಲೆ ಬದಲಿಸುವಂತಿಲ್ಲ. ಆ ತೀರ್ಮಾನವನ್ನು ಮೈಯಲ್ಲಿ ದಣಿವಿಲ್ಲದಾಗ, ತಲೆ ತಂಪಾಗಿದ್ದಾಗ ಮಾಡಿರುತ್ತೀರಿ.

ಇಳಿಯುವಾಗ

ಹಾದಿ ಶುರುವಾಗುವುದು ಕೋಲ್ಬ್ ಸ್ಟುಡಿಯೊ ಎಂಬ ಹಳೆಯ ಮರದ ಮನೆಯ ಪಕ್ಕದಲ್ಲಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಎಲ್ಸ್‌ವರ್ತ್ ಮತ್ತು ಎಮರಿ ಕೋಲ್ಬ್ ಎಂಬ ಅಣ್ಣತಮ್ಮಂದಿರು ಇಲ್ಲಿ ಹೇಸರಗತ್ತೆ ಏರಿ ಕಣಿವೆಗೆ ಇಳಿಯುವ ಪ್ರವಾಸಿಗರ ಫೋಟೊ ತೆಗೆಯುತ್ತಿದ್ದರು. ಅಂಚಿನಲ್ಲಿ ಫೋಟೊ ತೊಳೆಯಲು ನೀರಿರಲಿಲ್ಲ. ಎಮರಿ ಗಾಜಿನ ಫಲಕಗಳನ್ನು ಹೊತ್ತು ಏಳು ಕಿ.ಮೀ. ಕೆಳಗಿನ ತೋಪಿಗೆ ಓಡಿ, ಅಲ್ಲಿನ ಊಟೆಯ ನೀರಿನಲ್ಲಿ ಅವುಗಳನ್ನು ತೊಳೆದು, ಪ್ರವಾಸಿಗರು ವಾಪಸ್ ಬರುವುದರೊಳಗೆ ಮೇಲಕ್ಕೆ ಓಡಿ ಬರುತ್ತಿದ್ದ. ನಾವು ಒಂದು ದಿನಪೂರ್ತಿ ಎಣಿಸಿಕೊಂಡು ಹೋಗುವ ದಾರಿ ಅದೇ.

ಮೊದಲ ತಾಸಿನಲ್ಲಿ ಇಳಿತ ಎಷ್ಟು ಸುಲಭವೆನಿಸುತ್ತದೆಯೆಂದರೆ, ನಾನು ಇಷ್ಟು ತಯಾರಿ ಮಾಡಿದ್ದು ಯಾಕೆ ಎಂಬ ಪ್ರಶ್ನೆ ಬರುತ್ತದೆ. ಆಗ ಹೆಜ್ಜೆ ನಿಧಾನ ಮಾಡಿ. ಹೇಸರಗತ್ತೆಗಳ ಸಾಲು ಬಂದರೆ ಗುಡ್ಡದ ಕಡೆಯ ಗೋಡೆಗೆ ಒತ್ತಿ ಅಲುಗದೆ ನಿಲ್ಲಿ, ಪ್ರಪಾತದ ಕಡೆಗೆ ಎಂದೂ ನಿಲ್ಲಬೇಡಿ. ನಡೆಸುವವರು ಹೇಳಿದಂತೆ ಮಾಡಿ. ಏರಿ ಬರುವವರಿಗೆ ದಾರಿ ಬಿಡಿ. ತಂಗುಮನೆಗಳ ಬಳಿ ಅಳಿಲುಗಳು ಚೀಲಕ್ಕೆ ಬಾಯಿ ಹಾಕುತ್ತವೆ, ಕಚ್ಚುತ್ತವೆ, ಏನನ್ನೂ ತಿನ್ನಿಸಬೇಡಿ.

ನೀವು ಎಷ್ಟು ಇಳಿದಿದ್ದೀರಿ ಎಂದು ತಿಳಿಯಲು ಬಂಡೆಯ ಬಣ್ಣ ನೋಡಿ. ಮೇಲಿನ ಕೆನೆ ಬಣ್ಣದ ಕೈಬಾಬ್ ಸುಣ್ಣಕಲ್ಲಿಗೆ ಸುಮಾರು 27 ಕೋಟಿ ವರ್ಷ. ಅದರ ಕೆಳಗೆ ಮಾಸಲು ಬಿಳುಪಿನ ಮರಳುಗಲ್ಲಿನ ಕಡಿದಾದ ಗೋಡೆ, ಅದರಡಿ ಕೆಂಪು ಪದರಗಳು. ಮೂರು ಮೈಲಿಯ ತಂಗುಮನೆ ದಾಟಿದ ಕೂಡಲೇ ರೆಡ್‌ವಾಲ್ ಎಂಬ ಎತ್ತರದ ಕೆಂಪು ಗೋಡೆ. ಅದರಲ್ಲಿ ಹಾದಿ ಹಾವಿನಂತೆ ಮಡಚಿ ಮಡಚಿ ಇಳಿಯುತ್ತದೆ. ಆ ಕಲ್ಲು ಒಡೆದರೆ ಒಳಗೆ ಬೂದು. ಮೇಲಿನ ಪದರಗಳ ಕಬ್ಬಿಣದ ಕೆಂಪು ಮಳೆಯಲ್ಲಿ ಇಳಿದು ಬಣ್ಣ ಬಳಿದಿದೆ. ಗೋಡೆ ಮುಗಿದು ನೆಲ ಅಗಲವಾಗಿ, ಹಸಿರುಗಂದು ಜೇಡಿಕಲ್ಲು ಕಂಡರೆ ತೋಪು ಹತ್ತಿರ ಬಂತು. ಇನ್ನೂ ಆಳದಲ್ಲಿ, ನದಿಯ ಬಳಿಯ ಕಪ್ಪು ಬಂಡೆಗಳಿಗೆ 170 ಕೋಟಿ ವರ್ಷಕ್ಕೂ ಹೆಚ್ಚು. ನಮ್ಮ ಕಪ್ಪತಗುಡ್ಡದ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಆ ಕಣಿವೆಯ ತಳಕ್ಕಿಂತ ಹಿರಿಯ ಕಲ್ಲಿನ ಮೇಲೆ ನಾನು ಅಭ್ಯಾಸ ಮಾಡಿ ಬಂದಿದ್ದೆ ಎಂಬ ನೆನಪು ಅಲ್ಲಿ ನಿಂತಾಗ ಧೈರ್ಯ ಕೊಟ್ಟಿತು.

ರೆಡ್‌ವಾಲ್ ಇಳಿಯುವ ಮುನ್ನ ಮೂರು ಮೈಲಿಯ ತಂಗುಮನೆಯಲ್ಲಿ ಕುಳಿತು ನಿಮ್ಮನ್ನು ಕೇಳಿಕೊಳ್ಳಿ: ತೊಡೆ ನಡುಗುತ್ತಿದೆಯೇ? ಗುಳ್ಳೆ ಎದ್ದಿದೆಯೇ? ವೇಳೆ ಎಂಟೂಕಾಲು ದಾಟಿದೆಯೇ? ಒಂದಕ್ಕೆ ಹೌದು ಎಂದರೂ ಅಲ್ಲಿಂದಲೇ ಹೊರಳಿ. ಅಷ್ಟು ದೂರ ಹೋಗಿ ಬಂದದ್ದೂ ಸಣ್ಣ ಸಾಧನೆಯಲ್ಲ.

ತೋಪಿನಲ್ಲಿ

ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ನಾನು ತೋಪಿಗೆ ಮುಟ್ಟಿದೆ. ಎರಡೂವರೆ ತಾಸು ಬರಿಯ ಕಲ್ಲು ನೋಡಿದ ಕಣ್ಣಿಗೆ ದೊಡ್ಡ ದೊಡ್ಡ ಮರಗಳು, ಹರಿಯುವ ನೀರಿನ ಸದ್ದು. ಇಲ್ಲಿ ತಲೆಮಾರುಗಳಿಂದ ಹವಾಸುಪಾಯ್ ಎಂಬ ಮೂಲನಿವಾಸಿ ಜನ ಬೇಸಾಯ ಮಾಡಿಕೊಂಡಿದ್ದರು. ಪಾರ್ಕ್ ಆದ ಮೇಲೆ ಅವರನ್ನು ಹೊರಡಿಸಿದರು. ಕ್ಯಾಪ್ಟನ್ ಬುರ್ರೊ ಎಂಬ ಕೊನೆಯ ನಿವಾಸಿಯನ್ನು 1928ರಲ್ಲಿ. ಇಂಡಿಯನ್ ಗಾರ್ಡನ್ ಎಂದು ಕರೆಯುತ್ತಿದ್ದ ಜಾಗಕ್ಕೆ ಅವರ ಹೆಸರು ಇಟ್ಟದ್ದು 2022ರಲ್ಲಿ. ಅಲ್ಲಿನ ನೀರು ಕುಡಿಯುವಾಗ ಅವರನ್ನು ನೆನೆದೆ.

ಬೂಟು, ಕಾಲುಚೀಲ ಬಿಚ್ಚಿ, ಕಾಲನ್ನು ಎತ್ತರದ ಕಲ್ಲಿನ ಮೇಲಿಟ್ಟು ಮಲಗಿ. ರೊಟ್ಟಿ, ಚಟ್ನಿ, ಒಂದು ಉಂಡಿ ತಿನ್ನಿ. ಎಲ್ಲ ಬಾಟಲಿ ತುಂಬಿಸಿ. ಇಲ್ಲಿಂದ 2.4 ಕಿ.ಮೀ. ಮುಂದೆ ಪ್ಲೇಟೊ ಪಾಯಿಂಟ್ ಇದೆ. ಅಲ್ಲಿಂದ ನದಿ ನೇರ ಕೆಳಗೆ ಕಾಣುತ್ತದೆ. ದಾರಿ ಹೆಚ್ಚುಕಡಿಮೆ ಸಮತಟ್ಟು. ಮೈಯಲ್ಲಿ ಕಸುವಿತ್ತು, ಜನ ಹೋಗುತ್ತಿದ್ದರು, ನನಗೂ ಬಹಳ ಆಸೆಯಾಯಿತು. ಚೀಟಿ ತೆಗೆದು ನೋಡಿದೆ. ಒಂಬತ್ತೂವರೆ ಎಂದು ಬರೆದಿತ್ತು. ಹೊರಳಿದೆ.

ಏರುವಾಗ

ಟವೆಲನ್ನು ನೀರಿನಲ್ಲಿ ಅದ್ದಿ ಕುತ್ತಿಗೆ, ತಲೆಗೆ ಸುತ್ತಿಕೊಳ್ಳಿ, ಅಂಗಿಯನ್ನೂ ತೋಯಿಸಿ. ಮಣ್ಣಿನ ಹರವಿಗೆ ಹಸಿ ಬಟ್ಟೆ ಸುತ್ತಿದರೆ ನೀರು ತಣ್ಣಗಾಗುವಂತೆಯೇ. ಅಲ್ಲಿನ ಒಣ ಗಾಳಿಗೆ ಬಟ್ಟೆ ಅರ್ಧ ತಾಸಿನಲ್ಲಿ ಒಣಗುತ್ತದೆ, ನೀರು ಸಿಕ್ಕಲ್ಲೆಲ್ಲ ಮತ್ತೆ ತೋಯಿಸಿ. ತಾಸಿಗೊಮ್ಮೆ ನೆರಳಿನಲ್ಲಿ ಹತ್ತು ನಿಮಿಷ ಕುಳಿತು, ಕಾಲೆತ್ತಿಟ್ಟು ವಿಶ್ರಾಂತಿ. ಮೇಲಿನ ಅಂಚನ್ನು ನೋಡಬೇಡಿ, ಮುಂದಿನ ತಿರುವನ್ನಷ್ಟೇ ನೋಡಿ.

ನಡೆಯುತ್ತ ಮಾತಾಡಲು ಬರುವಷ್ಟು ನಿಧಾನವಿರಬೇಕು ಎನ್ನುತ್ತಾರೆ. ಒಬ್ಬರೇ ಇದ್ದಾಗ ಯಾರೊಡನೆ ಮಾತು? ನಾನು ಹದಿನೇಳರ ಮಗ್ಗಿಯನ್ನು ಗಟ್ಟಿಯಾಗಿ ಹೇಳುತ್ತ ಹತ್ತಿದೆ. ಒಂದು ಸಾಲು ಮುಗಿಯುವುದರೊಳಗೆ ಉಸಿರು ಕಡಿದರೆ ವೇಗ ಹೆಚ್ಚಾಗಿದೆ ಎಂದು ಅರ್ಥ. ಇದಕ್ಕೆ ಇನ್ನೊಂದು ಪ್ರಯೋಜನವಿದೆ. ಬಿಸಿಲು ತಲೆಗೇರುವ ಮೊದಲ ಲಕ್ಷಣ ಗೊಂದಲ. ಜೊತೆಗಾರರಿದ್ದರೆ ಅದನ್ನು ಗುರುತಿಸುತ್ತಾರೆ, ಒಂಟಿಯಾಗಿದ್ದವರಿಗೆ ತಮ್ಮ ಗೊಂದಲ ತಮಗೇ ತಿಳಿಯುವುದಿಲ್ಲ. ಬಾಯಿಪಾಠವಾದ ಮಗ್ಗಿ ತಪ್ಪಿದರೆ ಅಲ್ಲೇ ನಿಲ್ಲಿ. ರೆಡ್‌ವಾಲ್‌ನ ನಡುವೆ ನನಗೆ ಒಂದು ಸಲ ಹದಿನೇಳೆಂಟಲೆ ತಪ್ಪಿತು. ಬಂಡೆಯ ನೆರಳಿನಲ್ಲಿ ಇಪ್ಪತ್ತು ನಿಮಿಷ ಕುಳಿತು ಓಆರ್‌ಎಸ್ ಕುಡಿದು, ಬೆಲ್ಲ, ಶೇಂಗಾ ತಿಂದೆ. ಮತ್ತೆ ಎರಡು ಸಲ ತಪ್ಪಿಲ್ಲದೆ ಹೇಳಿದ ಮೇಲೆ ಎದ್ದೆ.

ಕೂತರೂ ವಾಂತಿ ನಿಲ್ಲದಿದ್ದರೆ, ತಲೆನೋವು ಏರುತ್ತಿದ್ದರೆ, ನಡಿಗೆ ತಡವರಿಸುತ್ತಿದ್ದರೆ ಏರುವ ಹಟ ಬಿಡಿ. ನೆರಳಿನಲ್ಲಿ ಉಳಿದು, ಮೈ ತೋಯಿಸಿಕೊಂಡು, ದಾರಿಹೋಕರನ್ನು ಕೂಗಿ ಕರೆಯಿರಿ, ಸೀಟಿ ಮೂರು ಸಲ ಊದಿ. ತೋಪಿನಲ್ಲಿ ಪಾರ್ಕ್ ರಕ್ಷಕರ ಠಾಣೆಯಿದೆ. ಯಾರ ಮೂಲಕವಾದರೂ ಸುದ್ದಿ ಮುಟ್ಟಿಸಿ. ಸಹಾಯ ಕೇಳಲು ನಾಚಿಕೆ ಬೇಡ, ಅಡ್ಡದಾರಿಯನ್ನಂತೂ ಹುಡುಕಲೇಬೇಡಿ.

ಕೊನೆಯ ಎರಡು ಕಿ.ಮೀ. ಅತಿ ಕಷ್ಟದ್ದು. ಗಾಳಿ ತೆಳುವಾಗುತ್ತ ಹೋಗುತ್ತದೆ, ಚಪ್ಪಲಿಯಲ್ಲಿ ಇಳಿದು ಬರುವ ಪ್ರವಾಸಿಗರ ಗುಂಪು ಎದುರಾಗುತ್ತದೆ. ಹತ್ತು ಹೆಜ್ಜೆ, ನಿಲುಗಡೆ, ಮತ್ತೆ ಹತ್ತು ಹೆಜ್ಜೆ. ಮೂರು ಗಂಟೆಗೆ ಹತ್ತು ನಿಮಿಷ ಮುಂಚೆ ಮೇಲೆ ಬಂದೆ. ಮಗಳು ಹಾದಿಯ ಬಾಯಲ್ಲೇ ಬೆಂಚಿನ ಮೇಲೆ ಕುಳಿತಿದ್ದಳು, ಚೀಟಿ ಕೈಯಲ್ಲೇ ಇತ್ತು.

ಮೇಲೆ ಬಂದ ಕೂಡಲೇ ಒದ್ದೆ ಅಂಗಿ ಬದಲಿಸಿ ಸ್ವೆಟರ್ ಹಾಕಿಕೊಳ್ಳಿ. ಬಿಸಿಲು ಇಳಿದರೆ ಚಳಿ ತಕ್ಷಣ ಹಿಡಿಯುತ್ತದೆ. ಉಪ್ಪಿನ ಊಟ ಮಾಡಿ, ಒಮ್ಮೆಲೇ ನೀರು ಸುರಿದುಕೊಳ್ಳಬೇಡಿ. ಆ ಸಂಜೆ ನೀವು ಕಾರು ಓಡಿಸಬೇಡಿ. ಎರಡು ಮೂರು ದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳುತ್ತದೆ, ಕಂಬಿ ಹಿಡಿದು ಅಡ್ಡಲಾಗಿ ಇಳಿಯಿರಿ. ನೋವು ದಿನದಿನಕ್ಕೆ ಹೆಚ್ಚುತ್ತಿದ್ದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಕಾಯದೆ ವೈದ್ಯರ ಬಳಿ ಹೋಗಿ.